ಮೇ 27 ಅಂತ ಓದಿದೆ, ಪಕ್ಕದ ನಾಲ್ಕು ದಿನ ಓದಲಿಲ್ಲ!

"ಹವಾಮಾನ ಇಲಾಖೆಯವ್ರು ಮಳೆ ಅಂದ್ರೆ ಧೈರ್ಯವಾಗಿ ಅಂಗಳದಲ್ಲಿ ಅಡಿಕೆ ಹರಡಿ. ಬಿಸಿಲು ಅಂದ್ರೆ ಮಾತ್ರ ಟಾರ್ಪಾಲು ಹುಡುಕಿ."

ನಮ್ಮೂರ ಸೊಸೈಟಿ ಕಟ್ಟೆ ಮೇಲೆ ಈ ಮಾತಿಗೆ ನಗದವರಿಲ್ಲ. ನಾನೂ ಎಷ್ಟೋ ವರ್ಷ ನಕ್ಕಿದ್ದೇನೆ. 2025ರ ಮಳೆಗಾಲ ಮುಗಿದ ಮೇಲೆ ಮಾತ್ರ ನಗು ಬರಲಿಲ್ಲ. ಆ ವರ್ಷ ನನ್ನ ತೋಟದ ತಗ್ಗಿನ ಭಾಗದ ಅಡಿಕೆ ಅರ್ಧಕ್ಕರ್ಧ ಕೊಳೆಗೆ ಹೋಯಿತು. ಮೊದಮೊದಲು ನಾನೂ "ಮುನ್ಸೂಚನೆ ಸುಳ್ಳಾಯ್ತು" ಅಂತಲೇ ಹೇಳಿಕೊಂಡು ತಿರುಗಿದೆ. ಆಮೇಲೆ ಕೂತು ಲೆಕ್ಕ ಹಾಕಿದರೆ ಮುನ್ಸೂಚನೆ ಸುಳ್ಳಾಗಿರಲಿಲ್ಲ, ನಾನು ಅದನ್ನು ಅರ್ಧ ಓದಿದ್ದೆ. ಈಗ ಮತ್ತೆ ಔಷಧಿ ಹೊಡೆಸುವ ಕಾಲ ಬರುತ್ತಿದೆ. ಇನ್ನೊಬ್ಬರಿಗೆ ಹೀಗಾಗದಿರಲಿ ಅಂತ ಈ ವಾರ ಅದನ್ನೇ ಬರೆಯುತ್ತಿದ್ದೇನೆ.

ಆಗಿದ್ದಿಷ್ಟು

ನನ್ನದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು ನಮ್ಮಲ್ಲಿ ಮಳೆಗಾಲದ ಮೊದಲ ಕೆಲಸ. ಮಳೆ ಹಿಡಿಯುವ ಮೊದಲು ಒಂದು ಸಲ, ಅಲ್ಲಿಂದ 40-45 ದಿನಕ್ಕೆ ಇನ್ನೊಂದು ಸಲ. ಕಾಯಿ ಒದ್ದೆಯಾಗಿ ಶಿಲೀಂಧ್ರ ಕೂರುವ ಮೊದಲೇ ಮೈಲುತುತ್ತದ ಪದರ ಅದರ ಮೇಲೆ ಕೂತಿರಬೇಕು. ಅದಕ್ಕೇ ಮೊದಲನೇ ಸಿಂಪರಣೆ ತಪ್ಪಿದರೆ ಆಮೇಲೆ ಎಷ್ಟು ಹೊಡೆದರೂ ಮೊದಲಿನ ಫಲ ಸಿಗುವುದಿಲ್ಲ.

2025ರ ಮೇ 10ರಂದು ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ಮುನ್ಸೂಚನೆ ಕೊಟ್ಟಿತು. ಕೇರಳಕ್ಕೆ ಮುಂಗಾರು ಮೇ 27ಕ್ಕೆ, ಹೆಚ್ಚು ಕಡಿಮೆ ನಾಲ್ಕು ದಿನ. ವಾಡಿಕೆಯ ದಿನ ಜೂನ್ 1. ಮೊಬೈಲಿನಲ್ಲಿ ಸುದ್ದಿ ನೋಡಿದೆ. 27 ಅನ್ನುವುದು ದೊಡ್ಡದಾಗಿ ಕಾಣಿಸಿತು, "ಹೆಚ್ಚು ಕಡಿಮೆ ನಾಲ್ಕು ದಿನ" ಅನ್ನುವುದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ನನ್ನ ಲೆಕ್ಕ ಇಷ್ಟೇ: ಕೇರಳಕ್ಕೆ 27, ನಮಗೆ ಬರೋಕೆ ಇನ್ನೊಂದು ನಾಲ್ಕು ದಿನ, ಅಲ್ಲಿಗೆ 31. ಕೊನೆಗಾರರಿಗೆ ಮೇ 25ಕ್ಕೆ ಬರಲು ಹೇಳಿದೆ.

ಪಕ್ಕದ ತೋಟದ ಅಕ್ಕಯ್ಯ ಮೇ 18ಕ್ಕೇ ಹೊಡೆಸಿ ಮುಗಿಸಿದರು. ಬೇಲಿ ಆಚೆಯಿಂದ ನಾನು ತಮಾಷೆ ಮಾಡಿದೆ.

"ಎಂತ ಅಕ್ಕಯ್ಯ, ಇಷ್ಟು ಅವಸರ? ಬಿಸಿಲಿಗೇ ಔಷಧಿ ಹೊಡೀತಿದ್ದೀರಲ್ಲ!"

"ಇಪ್ಪತ್ತೇಳರಲ್ಲಿ ನಾಲ್ಕು ಕಳೆದ್ರೆ ಇಪ್ಪತ್ಮೂರು ಮಾರಾಯ. ಅದಕ್ಕೂ ಮುಂಚೆ ಆಗ್ಲಿ ಅಂತ."

ಮೇ ಮೂರನೇ ವಾರದಲ್ಲೇ ಮಳೆ ಹಿಡಿಯಿತು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿದು, ಕರಾವಳಿ, ಮಲೆನಾಡಿಗೆ ಭಾರಿ ಮಳೆಯ ಎಚ್ಚರಿಕೆ ಬಂದಿತ್ತು. ನನ್ನ ತಲೆಯಲ್ಲಿ 27 ಕೂತಿತ್ತಲ್ಲ, "ಇದು ಮುಂಗಾರಲ್ಲ, ಎರಡು ದಿನದಲ್ಲಿ ಬಿಡತ್ತೆ" ಅಂದುಕೊಂಡೆ. ಬಿಡಲಿಲ್ಲ. ಮೇ 24ಕ್ಕೆ ಮುಂಗಾರು ಕೇರಳ ಮುಟ್ಟಿತು ಅಂತ ಇಲಾಖೆ ಘೋಷಿಸಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ನನ್ನ ಕೊನೆಗಾರರು ಬರಬೇಕಿದ್ದ ದಿನ ಮರ ಹತ್ತುವ ಹಾಗೇ ಇರಲಿಲ್ಲ. ದೋಟಿ ಹಿಡಿದು ಕೆಳಗಿನಿಂದ ಹೊಡೆಯೋಣ ಅಂದರೂ ಒದ್ದೆ ಗೊನೆಗೆ ಹೊಡೆದು ಏನು ಪ್ರಯೋಜನ?

ಕಟ್ಟೆಯಲ್ಲಿ ಭಾವ ಅಂದ, "27 ಅಂದ್ರು, 24ಕ್ಕೆ ಬಂತು. ಇವ್ರ ಲೆಕ್ಕವೇ ಇಷ್ಟು." ಎಲ್ಲರೂ ನಕ್ಕರು. ಆದರೆ 27ರಿಂದ ನಾಲ್ಕು ದಿನ ಹಿಂದೆ ಅಂದರೆ 23, ಮುಂದೆ ಅಂದರೆ 31. ಮಳೆ ಬಂದದ್ದು 24ಕ್ಕೆ, ಅವರು ಹೇಳಿದ ಅಂಕೆಯ ಒಳಗೇ. ಅಕ್ಕಯ್ಯ ಓದಿದ್ದೂ ನಾನು ಓದಿದ್ದೂ ಒಂದೇ ಸುದ್ದಿ.

ಎರಡನೇ ಸಲವೂ ಎಡವಿದೆ

ಅಷ್ಟಕ್ಕೇ ಮುಗಿಯಲಿಲ್ಲ. ಅಬ್ಬರಿಸಿ ಬಂದ ಮುಂಗಾರು ಮೇ ಕೊನೆಗೆ ಸೊರಗಿತು. ಜೂನ್ ಮೊದಲ ವಾರ ನಮ್ಮಲ್ಲಿ ಒಳ್ಳೆಯ ಬಿಡುವು ಸಿಕ್ಕಿತು. ಕೇಂದ್ರ ಕೃಷಿ ಸಚಿವಾಲಯ ಆ ಮುಂಗಾರಿನಲ್ಲಿ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಬಳಸಿ, 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮಳೆಯ ಸಂದೇಶ ಕಳಿಸಿತ್ತು. ಮುಂಗಾರು ನಡುದಾರಿಯಲ್ಲಿ ನಿಲ್ಲುತ್ತದೆ ಅನ್ನುವುದನ್ನು ಆ ಮಾದರಿಗಳು ಮೊದಲೇ ಗುರುತಿಸಿದ್ದವು. ನಾನು ಅಂಥ ಯಾವುದನ್ನೂ ನೋಡುವ ಗೋಜಿಗೇ ಹೋಗಲಿಲ್ಲ. "ಮಳೆಗಾಲ ಶುರುವಾಯ್ತಲ್ಲ, ಇನ್ನೆಲ್ಲಿ ಬಿಡುವು" ಅಂತ ಕೈ ಚೆಲ್ಲಿ ಕೂತೆ. ಬಿಸಿಲು ಬಂದು ಕೊನೆಗಾರರಿಗೆ ಫೋನ್ ಮಾಡುವ ಹೊತ್ತಿಗೆ ಅವರು ಬೇರೆಯವರ ತೋಟದಲ್ಲಿದ್ದರು. ಜೂನ್ ಎರಡನೇ ವಾರ ಮಳೆ ಮತ್ತೆ ಜೋರಾಯಿತು.

ಆಗಸ್ಟಿನಲ್ಲಿ ಮರದ ಬುಡಕ್ಕೆ ಹೋಗಲು ಮನಸ್ಸಾಗುತ್ತಿರಲಿಲ್ಲ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಮೇಲೆ ಬಿಳಿ ಬೂಷ್ಟು, ಹಸಿರು ಕಾಯಿ ರಾಶಿ ರಾಶಿ. ಉದುರಿದ್ದನ್ನು ಆರಿಸಿ ತೋಟದಿಂದ ಹೊರಗೆ ಹಾಕುವುದೇ ಕೆಲಸವಾಯಿತು. ಅಕ್ಕಯ್ಯನ ತೋಟಕ್ಕೂ ಕೊಳೆ ಬಂತು, ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವರಿಗೆ ಹೋದದ್ದು ಅಲ್ಲೊಂದು ಇಲ್ಲೊಂದು ಗೊನೆ.

ಕಟ್ಟೆಯ ಮೂರು ಅಭಿಪ್ರಾಯ

ನಮ್ಮೂರಿನಲ್ಲಿ ಮುನ್ಸೂಚನೆಯ ಬಗ್ಗೆ ಮೂರು ಪಕ್ಷ ಇದೆ. ನಿಮ್ಮಲ್ಲೂ ಇರಬಹುದು.

ಮೊದಲನೆಯದು ಭಾವನ ಪಕ್ಷ: ಎಲ್ಲಾ ಸುಳ್ಳು. ಇವರಿಗೆ ತಪ್ಪಿದ ದಿನ ನೆನಪಿರುತ್ತದೆ, ಸರಿಯಾದ ದಿನ ಮರೆತುಹೋಗುತ್ತದೆ. ಹೇಳಿದ ಹಾಗೆ ಮಳೆ ಬಂದ ದಿನ ಯಾರೂ ಕಟ್ಟೆಗೆ ಬಂದು ಹೊಗಳುವುದಿಲ್ಲವಲ್ಲ.

ಎರಡನೆಯದು ಹುಡುಗರ ಪಕ್ಷ: ಮೊಬೈಲ್ ಹೇಳಿದ್ದೇ ಸತ್ಯ. "ಮಧ್ಯಾಹ್ನ ಮೂರಕ್ಕೆ ಮಳೆ ತೋರಿಸ್ತಿದೆ ಚಿಕ್ಕಪ್ಪ" ಅಂತ ನನ್ನ ಅಣ್ಣನ ಮಗ ಹೇಳುತ್ತಾನೆ. ಮೊಬೈಲಿನ ಮುಖಪುಟದಲ್ಲಿ ಕಾಣುವ ಮೋಡದ ಚಿತ್ರ ಹೆಚ್ಚಿನ ಸಲ ಕಂಪ್ಯೂಟರ್ ಲೆಕ್ಕದಿಂದ ನೇರವಾಗಿ ಬಂದದ್ದು. ಆ ಲೆಕ್ಕ ನಮ್ಮ ತೋಟವನ್ನು ಬೇರೆಯಾಗಿ ನೋಡುವುದಿಲ್ಲ, ಭೂಮಿಯನ್ನು ಚೌಕ ಚೌಕ ಮಾಡಿ ಒಂದು ಚೌಕಕ್ಕೆ ಒಂದು ಉತ್ತರ ಕೊಡುತ್ತದೆ. 2025ರ ಮೇ 26ರಂದು ನಮ್ಮ ದೇಶದಲ್ಲಿ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಬಂತು. ಅದರ ಚೌಕ 6 ಕಿಲೋಮೀಟರಿನದು, ಅದಕ್ಕೂ ಮೊದಲು 12 ಕಿಲೋಮೀಟರಿನದು ಇತ್ತು. ದೊಡ್ಡ ಸುಧಾರಣೆಯೇ ಸರಿ. ಆದರೂ ಮಲೆನಾಡಿನ 6 ಕಿಲೋಮೀಟರಿನಲ್ಲಿ ಒಂದು ಗುಡ್ಡ, ಎರಡು ಕಣಿವೆ, ಒಂದು ಹೊಳೆ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಮೂವತ್ತು ಕಿಲೋಮೀಟರ್ ಈಚೆ ತೀರ್ಥಹಳ್ಳಿಗೆ ಬಂದರೆ ಅದರ ಅರ್ಧವೂ ಇಲ್ಲ. ಇಂಥ ಕಡೆ "ಮೂರು ಗಂಟೆಗೆ ಮಳೆ" ಅನ್ನುವುದನ್ನು ಗಡಿಯಾರದ ಹಾಗೆ ನಂಬಬಾರದು.

ಮೂರನೆಯದು ದೊಡ್ಡವರ ಪಕ್ಷ: ಪಂಚಾಂಗ ಸಾಕು. ರೋಹಿಣಿ, ಮೃಗಶಿರ, ಆರಿದ್ರಾ. ನಾನು ಇದನ್ನು ಹಗುರವಾಗಿ ನೋಡುವುದಿಲ್ಲ. ವರ್ಷದ ಯಾವ ಹದಿನಾಲ್ಕು ದಿನದಲ್ಲಿ ಎಂಥ ಮಳೆ ವಾಡಿಕೆ ಅನ್ನುವ ನೂರಾರು ವರ್ಷದ ಅನುಭವ ಅದರಲ್ಲಿದೆ. ಆದರೆ ಅದು ವಾಡಿಕೆ ಹೇಳುತ್ತದೆ, ಈ ವರ್ಷದ ಸುದ್ದಿ ಹೇಳುವುದಿಲ್ಲ. 2025ರಲ್ಲಿ ಕೃತ್ತಿಕೆಯಲ್ಲೇ ತೋಟದ ಕಪ್ಪಿನಲ್ಲಿ ನೀರು ಹರಿಯಿತು. ಆಗ ಪಂಚಾಂಗದ ಪ್ರಕಾರ ರೋಹಿಣಿ ಇನ್ನೂ ಹುಟ್ಟಿರಲಿಲ್ಲ.

ಓದುವುದು ಹೇಗೆ?

ಆ ಮಳೆಗಾಲದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

*ಎಲ್ಲಿಗೆ ಹೇಳಿದ್ದು ನೋಡಿ.* "ಮುಂಗಾರು ಪ್ರವೇಶ" ಅನ್ನುವುದು ಕೇರಳದ ಮಾತು. ಗೊತ್ತುಪಡಿಸಿದ 14 ಮಳೆ ಕೇಂದ್ರಗಳ ಪೈಕಿ ಶೇ. 60ರಲ್ಲಿ ಸತತ ಎರಡು ದಿನ 2.5 ಮಿಲಿಮೀಟರ್ ಅಥವಾ ಹೆಚ್ಚು ಮಳೆ ಬರಬೇಕು, ಗಾಳಿ ಮತ್ತು ಮೋಡದ ಲೆಕ್ಕವೂ ಕೂಡಬೇಕು. ಆಗ ಘೋಷಣೆ. ಅದಕ್ಕೂ ಮುಂಚೆ ನಿಮ್ಮ ತೋಟಕ್ಕೆ ಮಳೆಯೇ ಬರುವುದಿಲ್ಲ ಅಂತ ಯಾರೂ ಹೇಳಿಲ್ಲ.

*"ಒಂದೆರಡು ಕಡೆ" ಅಂದರೆ ಬಾಯಿಮಾತಲ್ಲ.* ರೇಡಿಯೋದಲ್ಲಿ ಕೇಳುವ ಈ ಮಾತುಗಳಿಗೆ ಅಳತೆ ಇದೆ. ಒಂದೆರಡು ಕಡೆ ಅಂದರೆ ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಾತ್ರ ಮಳೆ. ಕೆಲವು ಕಡೆ ಅಂದರೆ ಅರ್ಧದವರೆಗೆ, ಹಲವು ಕಡೆ ಅಂದರೆ ಮುಕ್ಕಾಲಿನವರೆಗೆ, ಬಹುತೇಕ ಕಡೆ ಅಂದರೆ ಮುಕ್ಕಾಲಿಗಿಂತ ಹೆಚ್ಚು. "ಒಂದೆರಡು ಕಡೆ ಮಳೆ" ಅಂದ ದಿನ ನಿಮ್ಮಲ್ಲಿ ಹನಿ ಬೀಳದಿದ್ದರೆ ಮುನ್ಸೂಚನೆ ತಪ್ಪಿದಂತಲ್ಲ. "ಭಾರಿ ಮಳೆ" ಅನ್ನುವುದಕ್ಕೂ ಲೆಕ್ಕ ಇದೆ: 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ ಮೇಲೆ.

*ಶೇಕಡಾ ಅಂದರೆ ಏನು?* ಶೇ. 30 ಅಂದರೆ ದಿನದ ಶೇ. 30 ಹೊತ್ತು ಮಳೆ ಅಂತಲ್ಲ. ಇಂಥ ಹತ್ತು ದಿನ ಬಂದರೆ ಅದರಲ್ಲಿ ಮೂರು ದಿನ ಮಳೆಯಾಗುತ್ತದೆ ಅಂತ. ಯಾವ ಮೂರು ಅಂತ ಯಾರಿಗೂ ಗೊತ್ತಿರುವುದಿಲ್ಲ.

*ದೂರದ್ದಕ್ಕಿಂತ ಹತ್ತಿರದ್ದು ಗಟ್ಟಿ.* ಹದಿನೈದು ದಿನದ ಹಿಂದೆ ಕೇಳಿದ್ದನ್ನು ಹಿಡಿದು ಕೂರಬೇಡಿ. ಕೂಲಿಗೆ ಜನ ಹೇಳುವಾಗ ಒಂದು ಸಲ, ಮೂರು ದಿನ ಮೊದಲು ಒಂದು ಸಲ, ಬೆಳಿಗ್ಗೆ ಮೈಲುತುತ್ತ ಕರಗಿಸುವ ಮೊದಲು ಒಂದು ಸಲ ನೋಡಿ. ಇಲಾಖೆಯ 'ಮೌಸಮ್', ರೈತರಿಗೆಂದೇ ಮಾಡಿದ 'ಮೇಘದೂತ್', ಸಿಡಿಲಿಗೆ 'ದಾಮಿನಿ' ಆ್ಯಪ್‌ಗಳು ಉಚಿತ. ಮರ ಹತ್ತುವವರು ಇರುವ ದಿನ ದಾಮಿನಿ ನೋಡದೆ ಕೆಲಸ ಶುರು ಮಾಡಬೇಡಿ. ಅಡಿಕೆ ಹೋದರೆ ಮುಂದಿನ ವರ್ಷ ಬರುತ್ತದೆ.

ಕೊನೆಗೆ ಉಳಿಯುವ ಪ್ರಶ್ನೆ

ಇಷ್ಟೆಲ್ಲ ಓದಿದ ಮೇಲೂ ಖಚಿತ ಉತ್ತರ ಸಿಗುವುದಿಲ್ಲ. ಆಗ ನಾನು ಈಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ತಪ್ಪಿದರೆ ಯಾವ ಕಡೆ ನಷ್ಟ ಹೆಚ್ಚು?

ಔಷಧಿ ಒಂದು ವಾರ ಬೇಗ ಹೊಡೆಸಿದರೆ ಎರಡನೇ ಸಿಂಪರಣೆಯೂ ಒಂದು ವಾರ ಬೇಗ ಬರುತ್ತದೆ, ಅಷ್ಟೇ. ಒಂದು ವಾರ ತಡವಾದರೆ ಫಸಲೇ ಹೋಗಬಹುದು. ಹಾಗಾಗಿ ಹೇಳಿದ ಅಂಕೆಯ ಈಚೆ ತುದಿ ಹಿಡಿಯಬೇಕು, ಅಕ್ಕಯ್ಯ 23 ಹಿಡಿದ ಹಾಗೆ. ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದರೆ ಶೇ. 30 ಅಂದರೂ ಟಾರ್ಪಾಲು ಪಕ್ಕದಲ್ಲೇ ಇರಲಿ. ಮುಚ್ಚೋದು ಹತ್ತು ನಿಮಿಷದ ಕೆಲಸ, ನೆಂದರೆ ದರವೇ ಬಿದ್ದುಹೋಗುತ್ತದೆ. ಅದೇ ಶೇ. 30ಕ್ಕೆ ಹೆದರಿ ಪೇಟೆಗೆ ಹೋಗೋದು ಬಿಡಬೇಕಾಗಿಲ್ಲ. ಗದ್ದೆಗೆ ಯೂರಿಯಾ ಹಾಕುವವರು ಭಾರಿ ಮಳೆಯ ಎಚ್ಚರಿಕೆ ಇದ್ದರೆ ಎರಡು ದಿನ ತಡೆದರೂ ನಷ್ಟ ಇಲ್ಲ, ಹಾಕಿದರೆ ಗೊಬ್ಬರ ಹಳ್ಳಕ್ಕೆ. ಮುನ್ಸೂಚನೆ ಒಂದೇ, ಕೆಲಸಕ್ಕೆ ತಕ್ಕ ಹಾಗೆ ತೀರ್ಮಾನ ಬೇರೆ.

ಇನ್ನೊಂದು ಕೆಲಸ ಶುರು ಮಾಡಿದ್ದೇನೆ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎರಡು ಗುರುತು: ಮುನ್ಸೂಚನೆ ಏನು, ಬಂದದ್ದೇನು. ಅಂಗಳದಲ್ಲಿ ನೆಟ್ಟಗಿನ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲು. ಡಬ್ಬಿಯಲ್ಲಿ ಹತ್ತು ಮಿಲಿಮೀಟರ್ ನೀರು ನಿಂತರೆ ತೋಟದ ಪ್ರತಿ ಚದರ ಮೀಟರಿಗೆ ಹತ್ತು ಲೀಟರ್ ಬಿದ್ದಿದೆ ಅಂತ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪನ ಇದೆ, ಆದರೂ ನಮ್ಮ ಗುಡ್ಡದ ಈಚೆ ಬದಿಯ ಲೆಕ್ಕ ನಮ್ಮಲ್ಲೇ ಇರಲಿ. ಒಂದು ಮಳೆಗಾಲ ಹೀಗೆ ಬರೆದಿಟ್ಟರೆ ಯಾವ ಮುನ್ಸೂಚನೆ ನಮ್ಮ ಜಾಗಕ್ಕೆ ಎಷ್ಟು ಹೊಂದುತ್ತದೆ ಅಂತ ನಮಗೇ ಗೊತ್ತಾಗುತ್ತದೆ. ಕಟ್ಟೆಯಲ್ಲಿ ವಾದ ಮಾಡುವ ಅಗತ್ಯ ಬೀಳುವುದಿಲ್ಲ.

ಅಜ್ಜನ ಕಾಲದಲ್ಲಿ ಗೊನೆಗೆ ಕೊಟ್ಟೆ ಕಟ್ಟಿ ಕೊಳೆ ತಡೆಯುತ್ತಿದ್ದರಂತೆ. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗ ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಹೊಡೆಯಲು ಹೇಳಿ ನೂರು ವರ್ಷದ ಮೇಲಾಯಿತು. ಇವತ್ತು ಅದರ ಬಗ್ಗೆ "ನಂಬಿಕೆ ಇದೆಯಾ" ಅಂತ ನಾವು ಯಾರನ್ನೂ ಕೇಳುವುದಿಲ್ಲ. ಎಷ್ಟು ಸುಣ್ಣ, ಎಷ್ಟು ಮೈಲುತುತ್ತ, ಯಾವಾಗ ಅಂತ ಕೇಳುತ್ತೇವೆ. ಮುನ್ಸೂಚನೆಯನ್ನೂ ಹಾಗೇ ಕೇಳಬೇಕು.

ಈ ಸಲ ಕೊನೆಗಾರರಿಗೆ ಮುಂಚೆಯೇ ಹೇಳಿಟ್ಟಿದ್ದೇನೆ. ಅಕ್ಕಯ್ಯನ ತೋಟ ಮುಗಿದ ಮಾರನೇ ದಿನ ನನ್ನದು. ಭಾವ ಕೇಳಿ ನಕ್ಕ. "ನಿಂಗೂ ಇಲಾಖೆ ಹುಚ್ಚು ಹಿಡೀತಾ?"

"ಇಲ್ಲ ಭಾವ," ಅಂದೆ, "ಹೋದ ಸಲ ಕಳೆಯೋ ಲೆಕ್ಕ ತಪ್ಪಿತ್ತು."