ವೇಗದ ಕಾರು, ಸಣ್ಣ ದೋಷ: ಮಾಲೀಕರ ಅನುಭವದಿಂದ ಉದ್ಯಮಿಗಳು ಕಲಿಯಬೇಕಾದುದು

ಸೇಡಂನಿಂದ ವಾಡಿಯ ಕಡೆಗಾಗಲಿ, ಚಿತ್ತಾಪುರದಿಂದ ಶಹಾಬಾದಿನ ಕಡೆಗಾಗಲಿ ಹೊರಟವರಿಗೆ ರಸ್ತೆಯ ಮೇಲೆ ಮೊದಲು ಎದುರಾಗುವುದು ಸಿಮೆಂಟ್ ಚೀಲಗಳನ್ನು ಹೊತ್ತ ಲಾರಿಗಳು, ಫರ್ಸಿ ಕಲ್ಲು ಹೇರಿದ ಟ್ರಕ್ಕುಗಳು, ತೊಗರಿಯ ಮೂಟೆಗಳನ್ನು ತುಂಬಿದ ಟ್ರ್ಯಾಕ್ಟರುಗಳು. ನೆಲಕ್ಕೆ ಅಂಟಿದಂತೆ ಓಡುವ ಸ್ಪೋರ್ಟ್ಸ್ ಕಾರು ಈ ರಸ್ತೆಗಳಿಗೆ ಅಪರೂಪದ ಅತಿಥಿ. ಆದರೂ ಆ ಕಾರಿನ ಮಾಲೀಕರ ಅನುಭವವು ಈ ಭಾಗದ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಸಂಬಂಧಿಸಿದ್ದೇ ಆಗಿದೆ. ಗ್ರಾಹಕನು ಅತಿ ಹೆಚ್ಚು ಹಣ ಕೊಟ್ಟು, ಅತಿ ಹೆಚ್ಚು ಆಸೆಯಿಂದ ಕೊಳ್ಳುವ ವಸ್ತುಗಳಲ್ಲಿ ಅದೂ ಒಂದು. ಅಂಥ ವಸ್ತುವಿನಲ್ಲಿ ಕಾಣಿಸಿಕೊಳ್ಳುವ ಒಂದು ಸಣ್ಣ ದೋಷವು ತಯಾರಕನ ಹೆಸರನ್ನು ಹೇಗೆ ಉಳಿಸಬಲ್ಲದು, ಹೇಗೆ ಅಳಿಸಬಲ್ಲದು ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ಹೆಚ್ಚಿಲ್ಲ.

ದೋಷಗಳಲ್ಲಿ ಎರಡು ಬಗೆ

ವಾಹನದ ದೋಷಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು. ಎಂಜಿನ್ ಬಿಗಿದುಕೊಳ್ಳುವುದು, ಗೇರ್ ಬಾಕ್ಸ್ ಒಡೆಯುವುದು, ಬ್ರೇಕ್ ಕೈಕೊಡುವುದು ಇವು ದೊಡ್ಡ ದೋಷಗಳು. ಕಿಟಕಿಯ ಗಾಜು ಅರ್ಧಕ್ಕೆ ನಿಲ್ಲುವುದು, ಮೇಲ್ಛಾವಣಿಯ ರಬ್ಬರಿನಿಂದ ನೀರು ಜಿನುಗುವುದು, ಕಾರಣವಿಲ್ಲದೆ ಎಚ್ಚರಿಕೆಯ ದೀಪ ಉರಿಯುವುದು, ಡ್ಯಾಶ್‌ಬೋರ್ಡಿನಲ್ಲಿ ಕಿರುಗುಟ್ಟುವ ಸದ್ದು ಇವು ಸಣ್ಣ ದೋಷಗಳು. ಮೊದಲನೆಯವು ವಿರಳ, ಎರಡನೆಯವು ಸಾಮಾನ್ಯ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆಯು ಹೊಸ ಕಾರುಗಳ ಗುಣಮಟ್ಟವನ್ನು ಅಳೆಯುವಾಗ, ಮಾಲೀಕರು ಮೊದಲ 90 ದಿನಗಳಲ್ಲಿ ಕಂಡ ತೊಂದರೆಗಳನ್ನು ನೂರು ವಾಹನಗಳಿಗೆ ಇಷ್ಟು ಎಂದು ಲೆಕ್ಕ ಹಾಕುತ್ತದೆ. ಈ ಲೆಕ್ಕದಲ್ಲಿ ಕೆಟ್ಟುಹೋದ ಎಂಜಿನ್ನೂ ಒಂದು ತೊಂದರೆ, ಫೋನಿಗೆ ಜೋಡಣೆಯಾಗದ ಪರದೆಯೂ ಒಂದು ತೊಂದರೆ. ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ದೂರುಗಳು ಬರುತ್ತಿರುವುದು ಎಂಜಿನ್ನಿನ ಬಗೆಗಲ್ಲ, ಪರದೆ, ಧ್ವನಿ ಮತ್ತು ಸಂಪರ್ಕ ಸಾಧನಗಳ ಬಗೆಗೆ ಎಂಬುದು ಗಮನಾರ್ಹ.

ಸ್ಪೋರ್ಟ್ಸ್ ಕಾರಿನಲ್ಲಿ ಈ ಸಣ್ಣ ದೋಷಗಳಿಗೆ ಇನ್ನೂ ಒಂದು ಕಾರಣವಿದೆ. ಇಂಥ ಕಾರುಗಳಲ್ಲಿ ಹಲವು ದಿನಕ್ಕೊಂದು ಬಾರಿಯೂ ಓಡುವುದಿಲ್ಲ. ನಿಂತ ಕಾರಿನಲ್ಲಿಯೂ ಗಡಿಯಾರ, ಕಳ್ಳತನದ ಎಚ್ಚರಿಕೆ, ಗಣಕ ಘಟಕಗಳು ಸ್ವಲ್ಪ ಸ್ವಲ್ಪವಾಗಿ ಬ್ಯಾಟರಿಯನ್ನು ಹೀರುತ್ತಲೇ ಇರುತ್ತವೆ. ಕೆಲವು ವಾರ ನಿಂತರೆ ಬ್ಯಾಟರಿ ಸೋಲುತ್ತದೆ. ಸೋತ ಬ್ಯಾಟರಿಯಿಂದ ಹೊರಟ ಕಡಿಮೆ ವೋಲ್ಟೇಜು ಸ್ಟೀರಿಂಗ್, ಬ್ರೇಕ್, ಗೇರ್ ಎಲ್ಲ ಘಟಕಗಳಿಂದಲೂ ಸುಳ್ಳು ಎಚ್ಚರಿಕೆಗಳನ್ನು ಹೊರಡಿಸಬಲ್ಲದು. ಐದಾರು ದೀಪಗಳು ಒಮ್ಮೆಗೇ ಉರಿದುದನ್ನು ಕಂಡ ಮಾಲೀಕ ಕಾರೇ ಹಾಳಾಯಿತೆಂದು ಗಾಬರಿಯಾಗುತ್ತಾನೆ. ಅನುಭವಿ ಮಿಸ್ತ್ರಿ ಮೊದಲು ಬ್ಯಾಟರಿಯ ವೋಲ್ಟೇಜು ನೋಡುತ್ತಾನೆ. ಅನೇಕ ಬಾರಿ ರೋಗ ಅಲ್ಲಿಗೇ ಮುಗಿಯುತ್ತದೆ.

ಕರ್ನಾಟಕದ ಎರಡು ಪ್ರಯತ್ನಗಳು

ಹಗುರವಾದ, ಚುರುಕಾದ ಕಾರನ್ನು ನಮ್ಮ ರಾಜ್ಯದ ಉದ್ಯಮಿಗಳೇ ತಯಾರಿಸಲು ಹೊರಟ ಇತಿಹಾಸವೂ ಉಂಟು. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಸಂಸ್ಥೆಯು 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯನ್ನು ಆಧರಿಸಿ 'ಡಾಲ್ಫಿನ್' ಕಾರನ್ನು ಮಾರುಕಟ್ಟೆಗೆ ತಂದಿತು. 848 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್, ಫೈಬರ್ ಗ್ಲಾಸ್ ಮೈ, ಎರಡೇ ಬಾಗಿಲು. ತೂಕ ಕಡಿಮೆಯಿದ್ದುದರಿಂದ ಅಂದಿನ ಅಂಬಾಸಿಡರ್, ಪದ್ಮಿನಿಗಳ ನಡುವೆ ಇದರ ಚುರುಕು ಎದ್ದು ಕಾಣುತ್ತಿತ್ತು. ರ್‍ಯಾಲಿ ಸ್ಪರ್ಧಿಗಳು ಇದನ್ನು ಮೆಚ್ಚಿದ್ದರು. ಆದರೆ ಕುಟುಂಬದ ಗ್ರಾಹಕನಿಗೆ ಎರಡು ಬಾಗಿಲು ತೊಡಕೆನಿಸಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಪೈಪೋಟಿ ಕಠಿಣವಾಯಿತು. 1987ರಲ್ಲಿ ನಾಲ್ಕು ಬಾಗಿಲುಗಳ 'ಮೊಂಟಾನಾ' ಬಂದಿತಾದರೂ ಕಾಲ ಮೀರಿತ್ತು. 1990ರ ದಶಕದಲ್ಲಿ ಸಂಸ್ಥೆಯ ಕಾರು ತಯಾರಿಕೆ ನಿಂತುಹೋಯಿತು.

ಫೈಬರ್ ಗ್ಲಾಸ್ ಮೈಯ ಗುಣದೋಷಗಳನ್ನು ಇಲ್ಲಿ ವಿವರಿಸುವುದು ಉಚಿತ. ಅದು ತುಕ್ಕು ಹಿಡಿಯುವುದಿಲ್ಲ, ಒಡೆದರೆ ರಾಳದಿಂದ ಬೆಸೆಯಬಹುದು. ಆದರೆ ಅದು ವಿದ್ಯುತ್ತನ್ನು ಹರಿಸುವುದಿಲ್ಲ. ಕಬ್ಬಿಣದ ಮೈಯ ಕಾರಿನಲ್ಲಿ ಇಡೀ ಮೈಯೇ ಬ್ಯಾಟರಿಗೆ ಹಿಂದಿರುಗುವ ತಂತಿಯ ಕೆಲಸ ಮಾಡುತ್ತದೆ. ಫೈಬರ್ ಗ್ಲಾಸ್ ಕಾರಿನಲ್ಲಿ ದೀಪ, ಹಾರ್ನ್, ವೈಪರ್‌ಗಳಿಗೆಲ್ಲ ಪ್ರತ್ಯೇಕ ಅರ್ಥಿಂಗ್ ತಂತಿ ಎಳೆಯಬೇಕಾಗುತ್ತದೆ. ಅದರ ಒಂದು ಕೊಂಡಿ ಸಡಿಲವಾದರೂ ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಮಂಕಾಗುವಂಥ ವಿಚಿತ್ರ ಲಕ್ಷಣಗಳು ತಲೆದೋರುತ್ತವೆ. ಕಬ್ಬಿಣದ ಕಾರಿಗೆ ಒಗ್ಗಿದ ಮಿಸ್ತ್ರಿ ಬಲ್ಬು ಬದಲಿಸುತ್ತಾನೆ, ಸ್ವಿಚ್ಚು ಬದಲಿಸುತ್ತಾನೆ. ದೋಷ ಮಾತ್ರ ಉಳಿಯುತ್ತದೆ. ಮಾಲೀಕನು 'ಕಾರೇ ಸರಿಯಿಲ್ಲ' ಎಂದು ತೀರ್ಮಾನಿಸುತ್ತಾನೆ. ನಿಜಕ್ಕೂ ಅಲ್ಲಿ ಕೊರತೆಯಾದುದು ಒಂದು ತಂತಿಯ ಕೊಂಡಿಯ ಬಿಗಿ ಮತ್ತು ಅದನ್ನು ಬಲ್ಲ ಒಬ್ಬ ಕುಶಲಕರ್ಮಿ.

ಎರಡನೆಯ ಪ್ರಯತ್ನ ಇನ್ನೂ ನೇರವಾಗಿ ಸ್ಪೋರ್ಟ್ಸ್ ಕಾರಿನದೇ. ಬೆಂಗಳೂರಿನ ಸ್ಯಾನ್ ಸಮೂಹವು 1990ರ ದಶಕದ ಕೊನೆಯಲ್ಲಿ 'ಸ್ಯಾನ್ ಸ್ಟಾರ್ಮ್' ಎಂಬ ಎರಡು ಆಸನಗಳ, ತೆರೆದ ಛಾವಣಿಯ ಕಾರನ್ನು ಗೋವಾದಲ್ಲಿ ತಯಾರಿಸಿತು. ಇದಕ್ಕೂ ಫೈಬರ್ ಗ್ಲಾಸ್ ಮೈ. ಎಂಜಿನ್ ಮಾತ್ರ ಫ್ರಾನ್ಸಿನ ರೆನೋ ಕಂಪನಿಯ 1149 ಸಿ.ಸಿ.ಯದು. ಎಂಜಿನ್ನಿನ ಆಯ್ಕೆ ತಾಂತ್ರಿಕವಾಗಿ ಅಪಾಯದ್ದಾಗಿರಲಿಲ್ಲ, ಏಕೆಂದರೆ ಯೂರೋಪಿನ ಸಣ್ಣ ಕಾರುಗಳಲ್ಲಿ ಅದು ಬಳಕೆಯಲ್ಲಿತ್ತು. ಆದರೆ ಆ ಕಾಲದಲ್ಲಿ ರೆನೋ ಕಾರುಗಳು ಭಾರತದಲ್ಲಿ ಮಾರಾಟದಲ್ಲಿರಲಿಲ್ಲ. ಮಹೀಂದ್ರ ಸಂಸ್ಥೆಯ ಜೊತೆಗೂಡಿ ಲೋಗನ್ ಕಾರು ಬಂದದ್ದು 2007ರಲ್ಲಿ. ಅಂದರೆ ಅಲ್ಲಿಯವರೆಗೆ ಒಂದು ಗ್ಯಾಸ್ಕೆಟ್ಟಿಗೋ ಒಂದು ಸೆನ್ಸರಿಗೋ ಊರಿನ ಬಿಡಿಭಾಗಗಳ ಅಂಗಡಿಯಲ್ಲಿ ಉತ್ತರವಿರಲಿಲ್ಲ. ತಯಾರಕರ ಬಾಗಿಲನ್ನೇ ತಟ್ಟಬೇಕಿತ್ತು. ಅಪರೂಪದ ವಾಹನಗಳ ಮಾಲೀಕರನ್ನು ಎಲ್ಲ ಕಾಲದಲ್ಲಿಯೂ ಕಾಡುವುದು ಇದೇ. ಕೆಟ್ಟ ಭಾಗದ ಬೆಲೆಗಿಂತ ಅದು ಬರುವವರೆಗೆ ಕಾಯುವ ದಿನಗಳು ದುಬಾರಿ.

ಹೊರಗಿನ ಎರಡು ಪಾಠಗಳು

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರುಗಳು 1950 ಮತ್ತು 60ರ ದಶಕಗಳಲ್ಲಿ ಲೋಕದ ಮನ ಗೆದ್ದವು. ಅವುಗಳ ಅಂದಕ್ಕೆ ಸಾಟಿಯಿರಲಿಲ್ಲ. ಆದರೆ ಎಣ್ಣೆ ಸೋರುವುದು, ಮಳೆಯಲ್ಲಿ ವಿದ್ಯುತ್ ವ್ಯವಸ್ಥೆ ಕೈಕೊಡುವುದು ಅವುಗಳ ಮಾಲೀಕರ ನಿತ್ಯದ ಮಾತಾಗಿತ್ತು. 1989ರಲ್ಲಿ ಜಪಾನಿನ ಮಾಜ್ದಾ ಕಂಪನಿಯು ಎಂ.ಎಕ್ಸ್-5 ಎಂಬ ಪುಟ್ಟ ತೆರೆದ ಕಾರನ್ನು ತಂದಾಗ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಅದೇ ಹಗುರ ಮೈ, ಅದೇ ಎರಡು ಆಸನ, ಅದೇ ಹಿಂಗಾಲಿಯ ಚಾಲನೆ. ಸೇರಿಸಿದ್ದು ಒಂದನ್ನೇ: ಬೆಳಿಗ್ಗೆ ಸೆಲ್ಫ್ ಹೊಡೆದರೆ ಹೊರಡುವ ಭರವಸೆ. 2016ರಲ್ಲಿ ಆ ಕಾರಿನ ಹತ್ತು ಲಕ್ಷನೆಯ ಪ್ರತಿ ಹೊರಬಂದಿತು. 1990ರಲ್ಲಿ ಬಂದ ಹೋಂಡಾದ ಎನ್.ಎಸ್.ಎಕ್ಸ್ ಸಹ ಇದೇ ಮಾತನ್ನು ದುಬಾರಿ ಕಾರುಗಳ ವರ್ಗದಲ್ಲಿ ಸಾಧಿಸಿ ತೋರಿಸಿತು. ನಿತ್ಯ ಕಚೇರಿಗೆ ಒಯ್ಯಬಹುದಾದ ಮಹಾವೇಗದ ಕಾರು ಸಾಧ್ಯವೆಂದು ತಿಳಿದ ಮೇಲೆ ಯೂರೋಪಿನ ತಯಾರಕರೂ ತಮ್ಮ ಗುಣಮಟ್ಟವನ್ನು ಮರುಪರಿಶೀಲಿಸಬೇಕಾಯಿತು.

ನಮ್ಮ ನೆಲ, ನೀರು, ಬಿಸಿಲು

ಸುಣ್ಣಕಲ್ಲಿನ ಈ ಸೀಮೆಯಲ್ಲಿ ವಾಹನ ಇಟ್ಟುಕೊಳ್ಳುವವರಿಗೆ, ಅದು ಸ್ಪೋರ್ಟ್ಸ್ ಕಾರಾಗಲಿ ಸಾಮಾನ್ಯ ಕಾರಾಗಲಿ, ಕೆಲವು ವಿಶೇಷ ತೊಡಕುಗಳಿವೆ.

ಮೊದಲನೆಯದು ಧೂಳು. ಕಲ್ಲುಗಣಿಯ ಧೂಳು ಗರಗಸದಂತೆ ಬಣ್ಣವನ್ನು ತರಚುತ್ತದೆ. ಸಿಮೆಂಟಿನ ಧೂಳು ಇನ್ನೂ ಕೆಟ್ಟದ್ದು. ಅದು ಕ್ಷಾರಗುಣದ್ದು, ರಾತ್ರಿಯ ಇಬ್ಬನಿ ತಗುಲಿದರೆ ಗಟ್ಟಿಯಾಗಿ ಹಿಡಿದು ಬಣ್ಣವನ್ನೇ ತಿನ್ನುತ್ತದೆ. ಒಣ ಬಟ್ಟೆಯಿಂದ ಒರೆಸುವುದು ಮಹಾ ತಪ್ಪು. ಮೊದಲು ಧಾರಾಳವಾಗಿ ನೀರು ಸುರಿದು ಧೂಳನ್ನು ಇಳಿಸಿ, ಆಮೇಲೆ ತೊಳೆಯಬೇಕು. ಏರ್ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಮೊದಲೇ ನೋಡಬೇಕು, ಏಕೆಂದರೆ ಬಹುತೇಕ ಕೈಪಿಡಿಗಳೇ ಧೂಳಿನ ಪ್ರದೇಶಕ್ಕೆ ಬೇರೆ ಅವಧಿಯನ್ನು ಸೂಚಿಸುತ್ತವೆ.

ಎರಡನೆಯದು ನೀರು. ಸುಣ್ಣಕಲ್ಲಿನ ಪದರಗಳಿಂದ ಬರುವ ಬೋರ್‌ವೆಲ್ ನೀರು ಗಡಸು. ಅದನ್ನು ರೇಡಿಯೇಟರಿಗೆ ಹಾಕಿದರೆ ಚಹಾ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವಂತೆ ಕೊಳವೆಗಳಲ್ಲಿ ಪೊರೆ ಕಟ್ಟುತ್ತದೆ. ಅಲ್ಯುಮಿನಿಯಂ ಎಂಜಿನ್ನಿಗೆ ಇದು ಸವೆತವನ್ನೂ ತರುತ್ತದೆ. ಕೂಲಂಟಿಗೆ ಡಿಸ್ಟಿಲ್ಡ್ ನೀರನ್ನೇ ಬೆರೆಸಬೇಕು. ಬೇಸಿಗೆಯ ಸುಡುಬಿಸಿಲಿನಲ್ಲಿ 'ಎಂಜಿನ್ ಕಾಯುತ್ತದೆ' ಎಂಬ ದೂರಿನ ಮೂಲ ಎಷ್ಟೋ ಬಾರಿ ಈ ಒಂದು ತಂಬಿಗೆ ನೀರಿನಲ್ಲಿಯೇ ಇರುತ್ತದೆ.

ಮೂರನೆಯದು ರಸ್ತೆ. ತಗ್ಗು ಮೈಯ ಕಾರಿಗೆ ಊರೂರಿನ ರೋಡ್ ಹಂಪುಗಳೇ ಗಂಡಾಂತರ. ತೆಳುವಾದ ಟೈರು ತಗ್ಗಿಗೆ ಬಿದ್ದರೆ ಹೊಡೆತ ನೇರವಾಗಿ ಅಲಾಯ್ ಚಕ್ರಕ್ಕೆ. ನಾಲ್ಕನೆಯದು ಇಂಧನ. 2023ರಿಂದ ಹಂತಹಂತವಾಗಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ದೇಶದಾದ್ಯಂತ ಬಂದಿದೆ. ಎಥನಾಲ್ ತೇವವನ್ನು ಹೀರುವ ಗುಣದ್ದು. ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳು ಇದಕ್ಕೆ ತಕ್ಕವೇ ಎಂದು ಪರೀಕ್ಷಿಸಿಕೊಳ್ಳಬೇಕು. ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ಹಳೆಯ ಪೆಟ್ರೋಲನ್ನು ಹಾಗೆಯೇ ಬಿಡಬಾರದು.

ಇವೆಲ್ಲಕ್ಕೂ ಮಿಗಿಲಾದುದು ದೂರ. ಸೇಡಂನಿಂದ ಬೆಂಗಳೂರು 500 ಕಿಲೋಮೀಟರಿಗೂ ಹೆಚ್ಚು. ಸನಿಹದ ಮಹಾನಗರ ಹೈದರಾಬಾದು. ಉದಾಹರಣೆಗೆ ಇನ್ನೂರು ರೂಪಾಯಿಯ ಒಂದು ನೀರಿನ ಪೈಪು ಸೀಳಿತೆಂದು ಇಟ್ಟುಕೊಂಡರೂ, ತಗ್ಗು ಕಾರನ್ನು ಹಗ್ಗ ಕಟ್ಟಿ ಎಳೆಯಲಾಗದು. ಚಪ್ಪಟೆ ಟ್ರೇ ಇರುವ ವಾಹನವನ್ನೇ ಕರೆಸಬೇಕು. ಸಾಗಣೆಯ ವೆಚ್ಚ ಪೈಪಿನ ಬೆಲೆಯ ಹತ್ತಾರು ಪಟ್ಟಾಗುತ್ತದೆ. ಇಂಥ ಯಾಂತ್ರಿಕ ಕೆಡುಕು ಸಾಮಾನ್ಯ ವಿಮೆಯ ವ್ಯಾಪ್ತಿಗೂ ಬರುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಕಾರಿನ ಅಶ್ವಶಕ್ತಿಯನ್ನು ಕೇಳುವಷ್ಟೇ ಶ್ರದ್ಧೆಯಿಂದ ಸರ್ವಿಸ್ ಕೇಂದ್ರದ ದೂರವನ್ನೂ ಬಿಡಿಭಾಗ ತಲುಪುವ ದಿನಗಳನ್ನೂ ಕೇಳುವುದು ವಿವೇಕ.

ದಾಖಲೆಯೇ ಬಲ

ದೋಷ ಮತ್ತೆ ಮತ್ತೆ ಮರುಕಳಿಸಿದಾಗ ಮಾಲೀಕನಿಗೆ ಉಳಿಯುವ ಆಧಾರ ಕಾಗದಪತ್ರ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈನಲ್ಲಿ ಜಾರಿಗೆ ಬಂದಿತು. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿಗಳವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದೂರಿಗೆ ಎರಡು ವರ್ಷಗಳ ಕಾಲಮಿತಿಯಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಈ ರಕ್ಷಣೆ ಸಾಮಾನ್ಯವಾಗಿ ಅನ್ವಯಿಸದು ಎಂಬುದನ್ನು ವರ್ತಕರು ನೆನಪಿಡಬೇಕು. ಸಣ್ಣ ದೋಷವನ್ನು ಬಾಯಿಮಾತಿನಲ್ಲಿ ಹೇಳಿ ಬರದೆ, ಪ್ರತಿ ಬಾರಿಯೂ ಜಾಬ್ ಕಾರ್ಡಿನಲ್ಲಿ ಬರೆಸಿ, ದಿನಾಂಕ ಮತ್ತು ಕಿಲೋಮೀಟರ್ ಸಹಿತ ಪ್ರತಿಯನ್ನು ಇಟ್ಟುಕೊಳ್ಳಬೇಕು. ಒಂದೇ ದೋಷ ನಾಲ್ಕು ಕಾರ್ಡುಗಳಲ್ಲಿ ದಾಖಲಾಗಿದ್ದರೆ ಅದು ತಾನೇ ಮಾತನಾಡುತ್ತದೆ.

ತಯಾರಕರಿಗೆ ಕನ್ನಡಿ

ಕಾರಿನ ಮಾಲೀಕನ ಈ ಅನುಭವವನ್ನು ತಿರುಗಿಸಿ ನೋಡಿದರೆ ನಮ್ಮ ಸಣ್ಣ ಉದ್ಯಮಿಗಳಿಗೆ ಅದೇ ಕನ್ನಡಿ. ಶಹಾಬಾದಿನ ಫರ್ಸಿ ದೂರದ ಊರಿಗೆ ಹೋಗಿ ಇಳಿದಾಗ ನೂರರಲ್ಲಿ ಎರಡು ಹಾಸುಗಳ ಅಂಚು ಮುರಿದಿದ್ದರೆ, ಕೊಂಡವನು ಉಳಿದ ತೊಂಬತ್ತೆಂಟನ್ನು ಹೊಗಳುವುದಿಲ್ಲ. ಆ ಎರಡರ ಮಾತನ್ನೇ ಆಡುತ್ತಾನೆ. ಬೇಳೆ ಗಿರಣಿಗೆ ಯಂತ್ರ ಒದಗಿಸಿದವರು ಒಂದು ಬೆಲ್ಟಿಗಾಗಿ ಸುಗ್ಗಿಯ ಕಾಲದಲ್ಲಿ ಗಿರಣಿಯನ್ನು ವಾರ ನಿಲ್ಲಿಸಿದರೆ, ಮುಂದಿನ ಬೇಡಿಕೆ ಬೇರೆಯವರ ಪಾಲಾಗುತ್ತದೆ.

ಇದಕ್ಕೆ ದೊಡ್ಡ ಬಂಡವಾಳದ ಪರಿಹಾರ ಬೇಕಿಲ್ಲ. ಬಂದ ದೂರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ನೂರು ವಸ್ತುಗಳಿಗೆ ಎಷ್ಟು ದೂರು ಎಂದು ತಿಂಗಳಿಗೊಮ್ಮೆ ಲೆಕ್ಕ ಹಾಕುವುದು ಯಾವ ಘಟಕಕ್ಕೂ ಸಾಧ್ಯ. ಬೇಗ ಸವೆಯುವ ಹತ್ತು ಬಿಡಿಭಾಗಗಳನ್ನು ಗುರುತಿಸಿ ಸದಾ ಸಂಗ್ರಹದಲ್ಲಿಡುವುದು ಸಾಧ್ಯ. ಮಾರಿದ ಊರಿನಲ್ಲಿಯೇ ಒಬ್ಬ ಮಿಸ್ತ್ರಿಗೆ ತರಬೇತಿ ಕೊಡುವುದೂ ಸಾಧ್ಯ. ಡಾಲ್ಫಿನ್ ಮತ್ತು ಸ್ಟಾರ್ಮ್ ಕಾರುಗಳನ್ನು ಕಟ್ಟಿದವರಲ್ಲಿ ಸಾಹಸದ ಕೊರತೆಯಿರಲಿಲ್ಲ. ಹಗುರ ಮೈಯೂ ಚುರುಕು ಎಂಜಿನ್ನೂ ಅವರ ಕೈಯಲ್ಲಿದ್ದವು. ಆದರೆ ದೂರದ ಊರಿನ ಗ್ಯಾರೇಜಿನಲ್ಲಿ ಆ ಕಾರಿನ ಮುಂದೆ ಪಾನಾ ಹಿಡಿದು ನಿಂತವನಿಗೆ ಬೇಕಾದ ಸಣ್ಣ ಭಾಗವೂ, ಅದನ್ನು ಜೋಡಿಸುವ ತಿಳಿವಳಿಕೆಯೂ ಸಕಾಲಕ್ಕೆ ತಲುಪಬೇಕು. ವಸ್ತುವನ್ನು ಮಾರಿದ ದಿನಕ್ಕೆ ವ್ಯಾಪಾರ ಮುಗಿಯಿತೆಂದು ತಿಳಿಯದ ಉದ್ಯಮಿಯ ಬಾಗಿಲಿಗೇ ಗ್ರಾಹಕನು ಎರಡನೆಯ ಬಾರಿ ಬರುತ್ತಾನೆ.