ರೇಸ್ ಕಾರಿನ ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್: ನಿಮ್ಮ ಬೈಕಿನಲ್ಲಿ ಆಗಲೇ ಇರುವ ತಂತ್ರ

1991ರ ಮಾರ್ಚ್ 24, ಬ್ರೆಜಿಲ್‌ನ ಇಂಟರ್‌ಲಾಗೋಸ್ ಟ್ರ್ಯಾಕ್. ತವರಿನ ಗ್ರ್ಯಾನ್ ಪ್ರಿಯನ್ನು ಅಲ್ಲಿಯವರೆಗೆ ಒಮ್ಮೆಯೂ ಗೆಲ್ಲದಿದ್ದ ಏರ್ಟನ್ ಸೆನ್ನಾ ಅಂದು ಮುಂದಿದ್ದರು. ಆದರೆ ಅವರ ಮೆಕ್ಲಾರೆನ್ ಕಾರಿನ ಗೇರ್‌ಗಳು ಒಂದೊಂದಾಗಿ ಕೈಕೊಡತೊಡಗಿದವು. ಕೊನೆಯ ಸುತ್ತುಗಳಲ್ಲಿ ಆರನೇ ಗೇರ್ ಒಂದನ್ನೇ ನಂಬಿ, ನಿಧಾನದ ತಿರುವುಗಳಲ್ಲೂ ಇಂಜಿನ್ ಆಫ್ ಆಗದ ಹಾಗೆ ನೋಡಿಕೊಂಡು, ಸುಮಾರು ಮೂರು ಸೆಕೆಂಡ್ ಅಂತರದಲ್ಲಿ ಗೆದ್ದರು. ಆ ಕಾರಿನಲ್ಲಿದ್ದದ್ದು ನಮ್ಮ ನಿಮ್ಮ ಕಾರಿನ ಹಾಗೆ ಕೈಯಲ್ಲಿ ಹಾಕುವ, ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಗೇರ್. ತಮಾಷೆ ಅಂದ್ರೆ, ಅದೇ ರೇಸಿನಲ್ಲಿ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಗೇರ್ ಬದಲಿಸುವ ಹೊಸ ತಂತ್ರದ ವಿಲಿಯಮ್ಸ್ ಕಾರಿನಲ್ಲಿದ್ದ ನೈಜೆಲ್ ಮ್ಯಾನ್ಸೆಲ್ ಕೂಡ ಗೇರ್‌ಬಾಕ್ಸ್ ಕೆಟ್ಟೇ ಹೊರಬಿದ್ದರು.

ಆ ವರ್ಷದ ಚಾಂಪಿಯನ್‌ಶಿಪ್ ಸೆನ್ನಾ ಅವರದಾಯಿತು. ಕೈಯಲ್ಲಿ ಗೇರ್ ಹಾಕುವ ಫಾರ್ಮುಲಾ ಒನ್ ಕಾರಿಗೆ ಅದೇ ಕೊನೆಯ ಪಟ್ಟ. ಅಲ್ಲಿಂದಾಚೆಗೆ ಗೇರ್‌ಗಳನ್ನು ಒಂದರ ನಂತರ ಒಂದರಂತೆ ಮಾತ್ರ ಹತ್ತಿ ಇಳಿಯುವ ಸೀಕ್ವೆನ್ಷಿಯಲ್ ಪದ್ಧತಿಯೇ ಗೆದ್ದಿತು. ಇದು ಹೇಗೆ ಕೆಲಸ ಮಾಡುತ್ತೆ, ಓಡಿಸೋದು ಹೇಗೆ ಅನ್ನುವುದು ಬರೀ ರೇಸ್ ಹುಚ್ಚಿನವರ ವಿಷಯ ಅಲ್ಲ. ಯಾಕಂದ್ರೆ ನಿಮ್ಮ ಮನೆ ಮುಂದೆ ಗೇರ್ ಇರೋ ಬೈಕ್ ನಿಂತಿದ್ದರೆ, ಅದರೊಳಗೆ ಇರೋದೂ ಇದೇ.

ಎಚ್ ಆಕಾರದ ತೊಂದರೆ ಏನು?

ಸಾಮಾನ್ಯ ಕಾರಿನಲ್ಲಿ ಗೇರ್ ಲಿವರ್‌ಗೆ ಸ್ವಾತಂತ್ರ್ಯ ಜಾಸ್ತಿ. ಐದರಿಂದ ನೇರ ಎರಡಕ್ಕೆ ಹೋಗಬಹುದು, ಮೂರರಿಂದ ಒಂದಕ್ಕೂ ಹೋಗಬಹುದು. ಊರೊಳಗೆ ಇದು ಅನುಕೂಲ. ಆದರೆ ರೇಸಿನಲ್ಲಿ ಕಾರು ಅದುರುತ್ತಿರುವಾಗ, ತಿರುವಿನಲ್ಲಿ ಮೈ ಒಂದು ಕಡೆ ವಾಲುತ್ತಿರುವಾಗ, ಮೂರರಿಂದ ನಾಲ್ಕಕ್ಕೆ ಹೋಗಬೇಕಾದ ಕೈ ಎರಡಕ್ಕೆ ಹೋಗಿಬಿಟ್ಟರೆ? ಚಕ್ರಗಳು ಇಂಜಿನನ್ನು ಅದರ ಮಿತಿಗಿಂತ ತುಂಬಾ ಜೋರಾಗಿ ತಿರುಗಿಸುತ್ತವೆ. ವಾಲ್ವ್‌ಗಳು ಸಮಯಕ್ಕೆ ಸರಿಯಾಗಿ ಮುಚ್ಚದೆ ಪಿಸ್ಟನ್‌ಗೆ ಬಡಿಯುತ್ತವೆ. ಇಂಜಿನ್ ಕಥೆ ಮುಗೀತು. ಇಂಗ್ಲಿಷಿನಲ್ಲಿ ಇದಕ್ಕೆ ‘ಮನಿ ಶಿಫ್ಟ್’ ಅಂತಲೇ ಹೆಸರು. ಒಂದು ಸಲ ತಪ್ಪಿದರೆ ಜೇಬು ಖಾಲಿ.

ಸೀಕ್ವೆನ್ಷಿಯಲ್‌ನಲ್ಲಿ ಲಿವರ್‌ಗೆ ಇರೋದು ಎರಡೇ ದಿಕ್ಕು. ಒಮ್ಮೆ ಎಳೆದರೆ ಒಂದು ಗೇರ್ ಮೇಲೆ, ಒಮ್ಮೆ ತಳ್ಳಿದರೆ ಒಂದು ಗೇರ್ ಕೆಳಗೆ. ಬಹಳಷ್ಟು ರೇಸ್ ಕಾರುಗಳಲ್ಲಿ ಹೀಗೇ ಇಡುತ್ತಾರೆ, ಅದಕ್ಕೂ ಕಾರಣ ಇದೆ. ವೇಗ ಹೆಚ್ಚುವಾಗ ಮೈ ಹಿಂದಕ್ಕೆ ಹೋಗುತ್ತೆ, ಬ್ರೇಕ್ ಹಾಕಿದಾಗ ಮುಂದಕ್ಕೆ ಬರುತ್ತೆ. ಕೈ ಕೂಡ ಅದೇ ದಿಕ್ಕಿಗೆ ಹೋದರೆ ಕೆಲಸ ಹಗುರ.

ಒಳಗೆ ಏನು ನಡೆಯುತ್ತೆ?

ಮೆಕ್ಯಾನಿಕಲ್ ಓದುವಾಗ ಕಾಲೇಜಿನ ಲ್ಯಾಬಿನಲ್ಲಿ ನಮಗೆ ಸೀಳಿಟ್ಟ ಬೈಕ್ ಇಂಜಿನ್ ಒಂದನ್ನು ತೋರಿಸುತ್ತಿದ್ದರು. ಪುಸ್ತಕದ ಹತ್ತು ಚಿತ್ರಗಳಲ್ಲಿ ಅರ್ಥವಾಗದ್ದು ಅದನ್ನು ಕೈಯಲ್ಲಿ ತಿರುಗಿಸಿದಾಗ ಅರ್ಥವಾಗುತ್ತಿತ್ತು. ಇಲ್ಲಿ ನೀವು ಅದನ್ನು ಕಲ್ಪಿಸಿಕೊಳ್ಳಬೇಕು.

ಎರಡು ಶಾಫ್ಟ್‌ಗಳು. ಒಂದಕ್ಕೆ ಇಂಜಿನ್ ಶಕ್ತಿ ಬರುತ್ತೆ, ಇನ್ನೊಂದು ಅದನ್ನು ಚಕ್ರಕ್ಕೆ ಕಳಿಸುತ್ತೆ. ಎರಡರ ಮೇಲೂ ಹಲ್ಲಿನ ಗಾಲಿಗಳಿವೆ, ಪ್ರತಿ ಗೇರಿಗೆ ಒಂದು ಜೋಡಿ. ಎಲ್ಲ ಜೋಡಿಗಳೂ ಸದಾ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಅಂದರೆ ನಾವು ಗೇರ್ ಹಾಕುವಾಗ ಹಲ್ಲಿಗೆ ಹಲ್ಲು ಸೇರಿಸುವುದಿಲ್ಲ. ಪ್ರತಿ ಜೋಡಿಯ ಒಂದು ಗಾಲಿ ಶಾಫ್ಟ್ ಮೇಲೆ ಸಡಿಲವಾಗಿ, ಬಳೆಯಂತೆ ತಿರುಗುತ್ತಿರುತ್ತೆ. ಆ ಗಾಲಿಯನ್ನು ಶಾಫ್ಟ್‌ಗೆ ಬಿಗಿದು ಕಟ್ಟುವುದೇ ಗೇರ್ ಹಾಕುವುದು.

ಕಟ್ಟುವುದು ಹೇಗೆ? ಇಲ್ಲಿದೆ ರಸ್ತೆ ಕಾರಿಗೂ ರೇಸ್ ಕಾರಿಗೂ ಇರುವ ವ್ಯತ್ಯಾಸ. ರಸ್ತೆ ಕಾರಿನಲ್ಲಿ ಸಿಂಕ್ರೋನೈಸರ್ ಅನ್ನುವ ಶಂಕುವಿನಾಕಾರದ ಉಂಗುರ ಇರುತ್ತೆ. ಅದು ಮೊದಲು ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತೆ, ಆಮೇಲೆ ಬೀಗ ಹಾಕುತ್ತೆ. ಮೃದು, ಆದರೆ ನಿಧಾನ. ರೇಸ್ ಗೇರ್‌ಬಾಕ್ಸಿನಲ್ಲಿ ಈ ಮಧ್ಯವರ್ತಿ ಇಲ್ಲ. ಅಲ್ಲಿರುವುದು ಡಾಗ್. ಗಾಲಿಯ ಪಕ್ಕದಲ್ಲಿ ಐದಾರು ದಪ್ಪ ಕಬ್ಬಿಣದ ಗಂಟುಗಳು, ಎದುರಿನ ಉಂಗುರದಲ್ಲೂ ಅಂಥವೇ, ನಡುವೆ ಬೇಕಾದಷ್ಟು ಜಾಗ. ಉಂಗುರವನ್ನು ಪಕ್ಕಕ್ಕೆ ಸರಿಸಿದರೆ ಗಂಟು ಜಾಗದೊಳಗೆ ಬಿದ್ದು ಟಪ್ ಅಂತ ಕಚ್ಚಿಕೊಳ್ಳುತ್ತೆ. ಬೈಕಿನಲ್ಲಿ ಗೇರ್ ಹಾಕಿದಾಗ ಕೇಳುವ ‘ಟಕ್’ ಸದ್ದು ಇದೇ.

ಉಂಗುರವನ್ನು ಸರಿಸುವುದು ಕವಲು ಕೋಲಿನಂಥ ಶಿಫ್ಟ್ ಫೋರ್ಕ್. ಫೋರ್ಕನ್ನು ಸರಿಸುವುದು ಡ್ರಮ್. ಸೀಕ್ವೆನ್ಷಿಯಲ್‌ನ ಮಿದುಳು ಈ ಡ್ರಮ್ಮೇ. ಕಬ್ಬಿಣದ ಉರುಳೆಯ ಮೈಮೇಲೆ ಅಂಕುಡೊಂಕು ಕಾಲುವೆಗಳನ್ನು ಕೊರೆದಿರುತ್ತಾರೆ. ಫೋರ್ಕಿನ ಮೊಳೆ ಆ ಕಾಲುವೆಯಲ್ಲಿ ಕೂತಿರುತ್ತೆ. ನೀವು ಲಿವರ್ ಎಳೆದ ಪ್ರತಿ ಸಲ ಒಂದು ಕೊಕ್ಕೆ ಡ್ರಮ್ಮನ್ನು ಒಂದೇ ಒಂದು ಮೆಟ್ಟಿಲಷ್ಟು ತಿರುಗಿಸುತ್ತೆ. ಕಾಲುವೆ ಎಡಕ್ಕೆ ತಿರುಗಿದರೆ ಫೋರ್ಕ್ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಹಳೆಯ ಗೇರ್ ಬಿಟ್ಟ ಮೇಲೆಯೇ ಹೊಸದು ಕಚ್ಚುವ ಹಾಗೆ ಕಾಲುವೆಯನ್ನು ಕೊರೆದಿರುವುದರಿಂದ ಎರಡು ಗೇರ್ ಒಟ್ಟಿಗೆ ಬೀಳುವ ಪ್ರಶ್ನೆಯೇ ಇಲ್ಲ. ಗೇರ್ ಹಾರಿಸುವುದೂ ಸಾಧ್ಯವಿಲ್ಲ.

ರೇಸ್ ಗೇರ್‌ಬಾಕ್ಸಿನ ಗಾಲಿಗಳ ಹಲ್ಲುಗಳನ್ನು ಸಾಮಾನ್ಯವಾಗಿ ನೇರವಾಗಿ ಕೊಯ್ದಿರುತ್ತಾರೆ. ರಸ್ತೆ ಕಾರಿನ ಹಲ್ಲುಗಳು ಓರೆ. ಓರೆ ಹಲ್ಲು ಸದ್ದು ಮಾಡುವುದಿಲ್ಲ, ಆದರೆ ಶಾಫ್ಟನ್ನು ಪಕ್ಕಕ್ಕೆ ತಳ್ಳುತ್ತೆ. ನೇರ ಹಲ್ಲಿಗೆ ಆ ಪಕ್ಕದ ಒತ್ತಡ ಇಲ್ಲ, ಬದಲಿಗೆ ಕೀರಲು ದನಿ ಇದೆ. ಚಿಕ್ಕಮಗಳೂರಿನಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನೋಡಿದವರಿಗೆ ಆ ದನಿ ನೆನಪಿರಬಹುದು. ಗೌರವ್ ಗಿಲ್ 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಸ್ಕೋಡಾ ಫಾಬಿಯಾ ಆರ್5 ಕಾರಿನಲ್ಲಿದ್ದದ್ದು ಐದು ಗೇರಿನ ಸೀಕ್ವೆನ್ಷಿಯಲ್.

ಸ್ವಲ್ಪ ಲೆಕ್ಕ ಮಾಡೋಣ

ಮೂರನೇ ಗೇರಿನ ಅನುಪಾತ 1.5, ನಾಲ್ಕನೆಯದು 1.2 ಅಂದುಕೊಳ್ಳಿ. ಮೂರರಲ್ಲಿ ಇಂಜಿನ್ 7,500 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಹೊರಗಿನ ಶಾಫ್ಟ್ 5,000ದಲ್ಲಿ ತಿರುಗುತ್ತೆ. ಅದೇ ಹೊತ್ತಿಗೆ, ಸಡಿಲವಾಗಿರುವ ನಾಲ್ಕನೇ ಗಾಲಿ 6,250ರಲ್ಲಿ ತಿರುಗುತ್ತಿರುತ್ತೆ. ವ್ಯತ್ಯಾಸ ನಿಮಿಷಕ್ಕೆ 1,250 ಸುತ್ತು, ಸೆಕೆಂಡಿಗೆ ಸುಮಾರು 21. ಆರು ಡಾಗ್ ಇದ್ದರೆ ಸೆಕೆಂಡಿಗೆ 125 ಸಲ ಒಂದು ಸಂದು ಎದುರಿಗೆ ಬಂದು ಹೋಗುತ್ತೆ. ಅಂದರೆ ಪ್ರತಿ 8 ಮಿಲಿಸೆಕೆಂಡಿಗೊಮ್ಮೆ ಒಂದು ಬಾಗಿಲು.

ಈ ಲೆಕ್ಕದಿಂದಲೇ ಓಡಿಸುವ ಮೊದಲ ಪಾಠ ಸಿಗುತ್ತೆ. ನಿಧಾನವಾಗಿ, ನಾಜೂಕಾಗಿ ಲಿವರ್ ಎಳೆದರೆ ಡಾಗ್‌ಗಳು ಬಾಗಿಲೊಳಗೆ ಹೋಗುವ ಬದಲು ಮೂಲೆಗೆ ಮೂಲೆ ಬಡಿದುಕೊಳ್ಳುತ್ತವೆ. ಹಾಗೆ ಬಡಿದು ಬಡಿದು ಅವುಗಳ ಅಂಚು ಸವೆದು ದುಂಡಗಾಗುತ್ತೆ. ದುಂಡಗಾದ ಡಾಗ್ ಗೇರನ್ನು ಹಿಡಿದುಕೊಳ್ಳುವುದಿಲ್ಲ, ಭಾರ ಬಿದ್ದಾಗ ಜಾರಿ ಹೊರಬರುತ್ತೆ. ನಾಜೂಕು ಇಲ್ಲಿ ಗುಣ ಅಲ್ಲ, ದೋಷ.

ಓಡಿಸೋದು ಹೇಗೆ?

ನಿಂತಲ್ಲಿಂದ ಹೊರಡಲು ಕ್ಲಚ್ ಬೇಕೇ ಬೇಕು. ಅದಾದ ಮೇಲೆ ಗೇರ್ ಏರಿಸಲು ರೇಸ್ ಡ್ರೈವರ್ ಕ್ಲಚ್ ಮುಟ್ಟುವುದಿಲ್ಲ. ಆದರೆ ಒಂದು ಷರತ್ತಿದೆ. ಇಂಜಿನ್ ಪೂರ್ತಿ ಜೋರಿನಲ್ಲಿ ಎಳೆಯುತ್ತಿರುವಾಗ ಡಾಗ್‌ಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಜಾರಿ ಹೋಗದಿರಲಿ ಅಂತ ಅವುಗಳ ಮುಖವನ್ನು ಸ್ವಲ್ಪ ಒಳಮುಖವಾಗಿಯೂ ಕೊಯ್ದಿರುತ್ತಾರೆ. ಆ ಒತ್ತಡ ಒಂದು ಕ್ಷಣ ಬಿಡಬೇಕು. ಹಳೆಯ ಕಾರುಗಳಲ್ಲಿ ಡ್ರೈವರ್ ಆಕ್ಸಿಲರೇಟರ್ ಮೇಲಿನ ಕಾಲನ್ನು ಚಕ್ಕನೆ ಎತ್ತಿ ಇಡುತ್ತಾರೆ. ಈಗಿನವುಗಳಲ್ಲಿ ಲಿವರ್‌ನಲ್ಲೇ ಸೆನ್ಸರ್ ಇರುತ್ತೆ. ಕೈ ಎಳೆದದ್ದು ಗೊತ್ತಾದ ಕೂಡಲೇ ಕಂಪ್ಯೂಟರ್ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದ ಆಸುಪಾಸು ಇಂಜಿನ್ನಿನ ಕಿಡಿ ನಿಲ್ಲಿಸುತ್ತೆ. ಕಾಲು ಅಲ್ಲೇ ಇರುತ್ತೆ, ಗೇರ್ ಬಿದ್ದಿರುತ್ತೆ. ದುಬಾರಿ ಬೈಕುಗಳ ಕ್ವಿಕ್‌ಶಿಫ್ಟರ್ ಮಾಡುವುದೂ ಇದನ್ನೇ.

ಇಳಿಸುವುದು ಇದಕ್ಕಿಂತ ಕಷ್ಟ. ಮೇಲಿನ ಅನುಪಾತಗಳನ್ನೇ ಇಟ್ಟುಕೊಂಡರೆ, ನಾಲ್ಕರಲ್ಲಿ 6,000 ಆರ್‌ಪಿಎಂ ಇದ್ದಾಗ ಮೂರಕ್ಕೆ ಬಂದರೆ ಇಂಜಿನ್ 7,500ಕ್ಕೆ ಹಾರಬೇಕು. ಅದಾಗಿಯೇ ಹಾರುವುದಿಲ್ಲ, ಆಕ್ಸಿಲರೇಟರನ್ನು ಒಂದು ಗುದ್ದು ಗುದ್ದಿ ಹಾರಿಸಬೇಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ಒತ್ತುವ ‘ಹೀಲ್ ಅಂಡ್ ಟೋ’ ಕಲೆ ಹುಟ್ಟಿದ್ದು ಇದಕ್ಕೆ. ಹೀಗೆ ಮಾಡದಿದ್ದರೆ ಇಂಜಿನನ್ನು ತಿರುಗಿಸುವ ಹೊರೆ ಚಕ್ರದ ಮೇಲೆ ಬೀಳುತ್ತೆ, ಹಿಂದಿನ ಚಕ್ರ ಒಂದು ಕ್ಷಣ ಹಿಡಿದಂತಾಗಿ ಜಾರುತ್ತೆ.

ಕ್ರಮ ಇಷ್ಟು: ಮೊದಲು ಬ್ರೇಕ್, ವೇಗ ಇಳಿದ ಮೇಲೆ ಗೇರ್. ಒಂದೊಂದೇ ಗೇರ್, ಪ್ರತಿಯೊಂದಕ್ಕೂ ಒಂದು ಗುದ್ದು. ಲಿವರನ್ನು ಪೂರ್ತಿ ಕೊನೆಯವರೆಗೆ ಒಯ್ದು ಬಿಡಬೇಕು, ಇಲ್ಲದಿದ್ದರೆ ಡ್ರಮ್ ಅರ್ಧ ಮೆಟ್ಟಿಲಲ್ಲಿ ನಿಂತು ಸುಳ್ಳು ನ್ಯೂಟ್ರಲ್ ಸಿಗುತ್ತೆ. ಬಿಟ್ಟ ಮೇಲೆ ಕೈ ವಾಪಸ್ ಸ್ಟೀರಿಂಗ್‌ಗೆ. ಲಿವರ್ ಮೇಲೆ ಕೈ ಇಟ್ಟುಕೊಂಡೇ ಇದ್ದರೆ ಫೋರ್ಕ್ ಸುಮ್ಮನೆ ಉಜ್ಜಿ ಸವೆಯುತ್ತೆ.

ಇನ್ನೊಂದು ಮಾತು. ಸೀಕ್ವೆನ್ಷಿಯಲ್ ಗೇರ್ ಹಾರಿಸಲು ಬಿಡುವುದಿಲ್ಲ ನಿಜ, ಆದರೆ ಅವಸರವನ್ನು ತಡೆಯುವುದಿಲ್ಲ. 8,000 ಮಿತಿಯ ಇಂಜಿನ್ ನಾಲ್ಕರಲ್ಲಿ 7,000 ಇರುವಾಗಲೇ ಮೂರಕ್ಕೆ ತಳ್ಳಿದರೆ 8,750 ಆಗುತ್ತೆ. ಎಲೆಕ್ಟ್ರಾನಿಕ್ಸ್ ಇರುವ ಕಡೆ ಕಂಪ್ಯೂಟರ್ ಬೇಡ ಅನ್ನಬಹುದು. ಬರೀ ಲಿವರ್ ಇರುವ ಕಡೆ ಡ್ರಮ್ ವಿಧೇಯವಾಗಿ ತಿರುಗುತ್ತೆ, ಇಂಜಿನ್ ಹೋಗುತ್ತೆ.

ರಸ್ತೆಗೆ ಬಂದರೆ

ಶೋರೂಮಿನಲ್ಲಿ ಆಟೋಮ್ಯಾಟಿಕ್ ಕಾರಿನ ಪ್ಲಸ್, ಮೈನಸ್ ತೋರಿಸಿ ‘ಇದೂ ಸೀಕ್ವೆನ್ಷಿಯಲ್ಲೇ ಸಾರ್’ ಅನ್ನುವುದುಂಟು. ಲಿವರ್ ಆಡುವ ರೀತಿ ಮಾತ್ರ ಹಾಗಿದೆ. ಎಎಂಟಿಯ ಒಳಗಿರುವುದು ಸಿಂಕ್ರೋನೈಸರ್ ಇರುವ ಮಾಮೂಲಿ ಗೇರ್‌ಬಾಕ್ಸೇ, ಮೋಟಾರು ಅದನ್ನು ಆಡಿಸುತ್ತೆ. ಹಾಗೆಯೇ ರೇಸ್ ವಿಡಿಯೋ ನೋಡಿ ಮಾಮೂಲಿ ಮ್ಯಾನುವಲ್ ಕಾರಿನಲ್ಲಿ ಕ್ಲಚ್ ಇಲ್ಲದೆ ಗೇರ್ ಎಳೆಯಲು ಹೋಗಬೇಡಿ. ಅದರ ಸಿಂಕ್ರೋನೈಸರ್ ಈ ಪೆಟ್ಟು ತಿನ್ನಲು ಹುಟ್ಟಿದ್ದಲ್ಲ.

ಬೈಕಿನ ಕಥೆ ಬೇರೆ. ಅಲ್ಲಿ ಡ್ರಮ್, ಫೋರ್ಕ್, ಡಾಗ್ ಮೂರೂ ಇವೆ. ನಮ್ಮ ಡ್ರೈವಿಂಗ್ ಸ್ಕೂಲುಗಳು, ಲೈಸೆನ್ಸಿಗಾಗಿ ಎಂಟು ಹಾಕಿಸುವ ಪರೀಕ್ಷೆಗಳು ಇದನ್ನು ಹೇಳಿಕೊಡುವುದಿಲ್ಲ ಅನ್ನುವುದೇ ನನ್ನ ತಕರಾರು. ಮಳೆಗಾಲದಲ್ಲಿ ಚಾರ್ಮಾಡಿ, ಆಗುಂಬೆ ಇಳಿಯುವ ಹುಡುಗರನ್ನು ನೋಡಿ. ತಿರುವು ಹತ್ತಿರ ಬಂದಾಗ ಗಾಬರಿಯಲ್ಲಿ ಪಟಪಟ ಎರಡು ಗೇರ್ ಇಳಿಸಿ ಕ್ಲಚ್ ಒಮ್ಮೆಲೇ ಬಿಡುತ್ತಾರೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಹಿಡಿದು ಜಾರಲು ಅಷ್ಟು ಸಾಕು. ಹಲವು ಹೊಸ ಬೈಕುಗಳಲ್ಲಿ ಸ್ಲಿಪ್ಪರ್ ಕ್ಲಚ್ ಇದನ್ನು ಸ್ವಲ್ಪ ತಡೆಯುತ್ತೆ, ಎಲ್ಲದರಲ್ಲೂ ಅದಿಲ್ಲ. ಇನ್ನು ಕೆಲವರ ಕಾಲು ಅರ್ಧಕ್ಕೇ ನಿಂತು ಸುಳ್ಳು ನ್ಯೂಟ್ರಲ್ ಬೀಳುತ್ತೆ, ಇಂಜಿನ್ನಿನ ಹಿಡಿತ ತಪ್ಪಿ ಇಳಿಜಾರಿನಲ್ಲಿ ಬೈಕ್ ಓಡತೊಡಗುತ್ತೆ.

ಇಂಥ ಕಡೆ ಬೇಕಾದದ್ದು ರೇಸಿನ ವೇಗ ಅಲ್ಲ, ರೇಸಿನ ಕ್ರಮ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಬ್ರೇಕ್. ಕ್ಲಚ್ ಹಿಡಿದು ಒಂದು ಗೇರ್ ಪೂರ್ತಿ ಇಳಿಸಿ, ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿ, ಕ್ಲಚ್ ಮೆಲ್ಲಗೆ ಬಿಡಿ. ಇನ್ನೂ ಬೇಕಿದ್ದರೆ ಮತ್ತೊಂದು.

ಫೆರಾರಿಗಾಗಿ ಜಾನ್ ಬರ್ನಾರ್ಡ್ 1989ರಲ್ಲಿ ಸ್ಟೀರಿಂಗ್ ಹಿಂದೆ ಪ್ಯಾಡಲ್ ತಂದಾಗ ಡ್ರೈವರ್ ಕೈ ಸ್ಟೀರಿಂಗ್ ಬಿಡುವ ಅಗತ್ಯವೇ ಹೋಯಿತು. ಆದರೆ 2022ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನ ಹೊಸ ಕಾರುಗಳು ಖರ್ಚು ಇಳಿಸಲು ಪ್ಯಾಡಲ್ ಬಿಟ್ಟು ಮತ್ತೆ ಲಿವರ್‌ಗೆ ಮರಳಿದವು. ಕಬ್ಬಿಣದ ಉರುಳೆ, ನಾಲ್ಕು ಕಾಲುವೆ, ಒಂದು ಕೊಕ್ಕೆ: ಇಷ್ಟು ಸರಳ ವಸ್ತು ಇನ್ನೂ ಜಗತ್ತಿನ ಅತಿ ವೇಗದ ಚಾಲಕರ ಕೈಯಲ್ಲಿದೆ, ಅಂಗಡಿಗೆ ಹಾಲು ಹಾಕುವವರ ಬೈಕಿನಲ್ಲೂ ಇದೆ. ಅವರಿಗೆ ಹೇಳಿಕೊಟ್ಟದ್ದನ್ನು ಇವರಿಗೂ ಹೇಳಿಕೊಡಲು ಒಂದು ಗಂಟೆ ಸಾಕು. ಆ ಒಂದು ಗಂಟೆಯನ್ನು ಲೈಸೆನ್ಸಿನ ಪಾಠಕ್ಕೆ ಸೇರಿಸಿದರೆ ಘಾಟಿಗಳಲ್ಲಿ ಜಾರಿ ಬೀಳುವ ಬೈಕುಗಳು ಕಡಿಮೆಯಾದಾವು ಅನ್ನುವುದು ನನ್ನ ನಂಬಿಕೆ.