ಕೈಗುದ್ದಲಿಯ ಭಾನುವಾರ

ಇಂದಿರಾನಗರದ ನೂರಡಿ ರಸ್ತೆಗೆ ಭಾನುವಾರ ಬೆಳಗಾಗುವುದು ತಡವಾಗಿ. ಕಾಫಿ ಅಂಗಡಿಗಳ ಬಾಗಿಲು ತೆರೆಯುವ ಹೊತ್ತಿಗೆ ಗುಡಿಯಂಗಳ ಗುಡಿಸುವವರ ಪಾಳಿ ಮುಗಿದಿರುತ್ತದೆ. ಬಡಾವಣೆಯ ಒಂದು ಮಗ್ಗುಲಿಗೆ ದೊಮ್ಮಲೂರಿನ ಚೊಕ್ಕನಾಥಸ್ವಾಮಿ, ಇನ್ನೊಂದು ಮಗ್ಗುಲಿಗೆ ಹಲಸೂರಿನ ಸೋಮೇಶ್ವರ. ಸುತ್ತಲ ಬಡಾವಣೆ ನಿನ್ನೆ ಮೊನ್ನೆಯದು, ಗುಡಿಗಳ ವಯಸ್ಸು ಶತಮಾನಗಳ ಲೆಕ್ಕದ್ದು. ಇಂಥ ಹಳೆಯ ಗುಡಿಗಳ ಅಂಗಳವನ್ನು ಸಂಬಳವಿಲ್ಲದೆ ನೋಡಿಕೊಳ್ಳುವ ಸೇವೆಯನ್ನು ಕಸಬು ಎಂದರೂ ತಪ್ಪಲ್ಲ, ಏಕೆಂದರೆ ಅದನ್ನು ಕಲಿಯಬೇಕಾಗುತ್ತದೆ.

ಸಲಕರಣೆ ಹೆಚ್ಚೇನಿಲ್ಲ: ಕಡ್ಡಿ ಪೊರಕೆ, ಕೈಗುದ್ದಲಿ, ತೆಂಗಿನ ನಾರಿನ ಬ್ರಷ್, ಎರಡು ಗೋಣಿಚೀಲ. ನಿರ್ಮಾಲ್ಯದ ಹೂವು, ಬಿಲ್ವಪತ್ರೆ ಒಂದು ಚೀಲಕ್ಕೆ. ಊದುಬತ್ತಿಯ ಪೊಟ್ಟಣ, ಕರ್ಪೂರದ ಪ್ಲಾಸ್ಟಿಕ್ಕು ಇನ್ನೊಂದಕ್ಕೆ. ಮಳೆಗಾಲ ಕಳೆದ ಮೇಲೆ ಕಲ್ಲುಚಪ್ಪಡಿಗಳ ಸಂದಿಯ ಗರಿಕೆ, ಗೋಡೆ ಬುಡದ ಕಾಂಗ್ರೆಸ್ ಗಿಡ ಕೀಳುವ ಸರದಿ. ಕಾಂಗ್ರೆಸ್ ಗಿಡಕ್ಕೆ ಬರಿಗೈ ಹಾಕಿದರೆ ಮೈಯೆಲ್ಲ ತುರಿಕೆ. ಹೊಸಬರು ಹುರುಪಿನಲ್ಲಿ ತುಂಬೆ ಗಿಡವನ್ನೂ ಕಿತ್ತೆಸೆದು, ಶಿವನಿಗೆ ಪ್ರಿಯವಾದ ಹೂವನ್ನು ಕಸವೆಂದುಕೊಂಡಿರಾ ಎಂದು ಹೂ ಕಟ್ಟುವ ಅಜ್ಜಿಯರಿಂದ ಬೈಸಿಕೊಳ್ಳುವುದುಂಟು.

ಈ ಸೇವೆಗೆ ದೊಡ್ಡ ಮನೆತನವಿದೆ. ಹನ್ನೆರಡನೆಯ ಶತಮಾನದಲ್ಲಿ ಶಿಕಾರಿಪುರ ಸೀಮೆಯ ಜಂಬೂರಿನ ಶರಣೆ ಸತ್ಯಕ್ಕನ ಕಾಯಕವೇ ಅಂಗಳ ಗುಡಿಸುವುದು. ಅದಕ್ಕೂ ಮುಂಚೆ, ಏಳನೆಯ ಶತಮಾನದಲ್ಲಿ, ಅರವತ್ತುಮೂರು ಶಿವಭಕ್ತ ಪುರಾತನರಲ್ಲಿ ಒಬ್ಬರಾದ ತಿರುನಾವುಕ್ಕರಸರು (ಅಪ್ಪರ್) ಊರೂರು ಅಲೆದು ಶಿವಾಲಯದ ಪ್ರಾಕಾರಗಳ ಹುಲ್ಲು ಕೆತ್ತುತ್ತಿದ್ದರು. ಅವರ ವಿಗ್ರಹಗಳಲ್ಲಿ ಕೈಯಲ್ಲಿರುವುದು ತ್ರಿಶೂಲವಲ್ಲ, ಹುಲ್ಲು ಕೆತ್ತುವ ಉಳವಾರ. ಆ ಹೆಸರಿನಲ್ಲೇ ಗುಡಿ ಶುಚಿ ಮಾಡುವ ತಂಡಗಳು ತಮಿಳುನಾಡಿನಲ್ಲಿ ಇಂದಿಗೂ ಇವೆ. ತಮಿಳು, ಕನ್ನಡ, ತೆಲುಗು ಕಲೆತ ಹಲಸೂರಿಗೆ ಇದು ಹೊರಗಿನ ಕಥೆಯಲ್ಲ. ಸೋಮೇಶ್ವರನ ಗುಡಿಯ ಶಿಲ್ಪಗಳಲ್ಲಿ ಗಿರಿಜಾ ಕಲ್ಯಾಣ, ಕೈಲಾಸವನ್ನೆತ್ತುವ ರಾವಣರ ಜೊತೆಗೆ ಈ ಪುರಾತನರೂ ಇದ್ದಾರೆ. ಕನ್ನಡ ನಾಡಿನಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮಕರ ಸಂಕ್ರಾಂತಿಯ ಆಸುಪಾಸಿಗೆ ಶ್ರದ್ಧಾಕೇಂದ್ರಗಳ ಸ್ವಚ್ಛತೆಯನ್ನು ಊರೂರಲ್ಲಿ ನಡೆಸುತ್ತದೆ.

ಗುಡಿಸುವುದು ಯಾರಿಗೂ ಬರುತ್ತದೆ. ಎಲ್ಲಿ ಕೈ ಹಾಕಬಾರದು ಎಂಬುದು ತಿಳಿಯಲು ಕಾಲ ಬೇಕು. ನನ್ನ ಮಟ್ಟಿಗೆ ಹಳೆಯ ಗುಡಿಗಳಿಗೆ ಉದಾಸೀನದಿಂದ ಆದಷ್ಟೇ ಹಾನಿ ಭಕ್ತಿಯ ಉತ್ಸಾಹದಿಂದಲೂ ಆಗಿದೆ. ಎಣ್ಣೆಜಿಡ್ಡು ಬಿಡಿಸಲು ಆಸಿಡ್ ಸುರಿದರೆ ಸಂದಿಯ ಸುಣ್ಣದ ಗಾರೆ ಕರಗುತ್ತದೆ. ತಂತಿ ಬ್ರಷ್ ಉಜ್ಜಿದರೆ ಕಲ್ಲಿನಲ್ಲಿ ಉಳಿದ ಕಬ್ಬಿಣದ ಚೂರು ತುಕ್ಕು ಹಿಡಿದು ಕಲೆಯಾಗುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲು ದಾರಿ ಕಾಣದೆ ಪಕ್ಕದ ಇಟ್ಟಿಗೆಯನ್ನೇ ತಿನ್ನುತ್ತದೆ. ಮರಳು ಚಿಮ್ಮಿಸಿ ತೊಳೆಯುವ ಯಂತ್ರವಂತೂ ಶಿಲ್ಪಿಯ ಉಳಿಯ ಗುರುತನ್ನೇ ಅಳಿಸಿಬಿಡುತ್ತದೆ.

ಏಕೆ ಕೈ ಹಾಕಬಾರದು ಎಂಬುದನ್ನು ದೊಮ್ಮಲೂರಿಗೆ ಹೋದವರು ಕಣ್ಣಾರೆ ಅರಿಯಬಹುದು. ಅಲ್ಲಿನ ತಮಿಳು ಶಾಸನಗಳಲ್ಲಿ ಹದಿಮೂರನೆಯ ಶತಮಾನದ ದಾನಗಳ ಲೆಕ್ಕವಿದೆ, ಹೊಯ್ಸಳ ರಾಮನಾಥನ ಹೆಸರಿದೆ. ಅರಸರಷ್ಟೇ ಅಲ್ಲ, ಬಾಗಿಲ ನಿಲುವುಗಳನ್ನು ಮಾಡಿಸಿಕೊಟ್ಟ ಭಕ್ತನೊಬ್ಬನ ಹೆಸರೂ ಅಲ್ಲಿದೆ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ಪ್ರಕಟಿಸಿದ್ದರಿಂದ ಪಾಠ ಕಾಗದದಲ್ಲಿ ಉಳಿದಿದೆ. ಕಲ್ಲಿನಲ್ಲಿ ಉಳಿಯಬೇಕಾದರೆ ಅದರ ಮೇಲೆ ಬಣ್ಣ ಬಳಿಯದೆ, ಅಕ್ಷರದ ಗುಳಿಗೆ ಕುಂಕುಮ ತುಂಬದೆ ಬಿಡಬೇಕು. ದಾನಿಗಳ ಹೆಸರಿನ ಹೊಸ ಗ್ರಾನೈಟ್ ಫಲಕಕ್ಕೆ ಗೋಡೆ ಕೊರೆಯುವ ನಮ್ಮ ಕಾಲಕ್ಕೆ ಇದನ್ನು ಯಾರು ಹೇಳಬೇಕೋ!

ಗೋಪುರದ ಶತ್ರು ಬೇರೆ. ಹಕ್ಕಿ ತಿಂದು ಉದುರಿಸಿದ ಅರಳಿ ಬೀಜ ಗಾರೆಯ ಬಿರುಕಿನಲ್ಲಿ ಮೊಳೆಯುತ್ತದೆ. ಎರಡೆಲೆ ಇದ್ದಾಗ ಉಗುರಿಗೆ ಬರುತ್ತದೆ. ಮೂರು ಮಳೆಗಾಲ ಕಂಡರೆ ಎಳೆದವರ ಕೈಗೆ ಇಟ್ಟಿಗೆ ಸಮೇತ ಬರುತ್ತದೆ, ಬುಡ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಸ್ವಯಂಸೇವಕರ ಕೆಲಸ ಮೊಳಕೆಯನ್ನು ಬೇಗ ಗುರುತಿಸುವುದು. ಬೇರಿಳಿದಿದ್ದರೆ ಫೋಟೊ ತೆಗೆದು ಕಚೇರಿಗೆ ತಿಳಿಸಿ, ಬಲ್ಲವರು ಬರುವ ತನಕ ಸುಮ್ಮನಿರುವುದು.

ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಲಸೂರಿನಲ್ಲೇ ಉದಾಹರಣೆಯಿದೆ. ಸೋಮೇಶ್ವರನ ಕಲ್ಯಾಣಿ ಮಣ್ಣಡಿ ಮುಚ್ಚಿಹೋಗಿ, 2010ರಲ್ಲಿ ಅಗೆದಾಗ ಮೆಟ್ಟಿಲುಗಳು ಮತ್ತೆ ಕಣ್ಣಿಗೆ ಬಿದ್ದವು. ಒಂದು ಕೊಳವೇ ಕಾಣದಾಗಲು ದಾಳಿಯೇ ಬೇಕಿಲ್ಲ, ಹೂಳು ಮತ್ತು ಮರೆವು ಸಾಕು.

ಸೇರಬಯಸುವವರು ಮೊದಲು ಮಾಡಬೇಕಾದ್ದು ಅರ್ಚಕರನ್ನೂ ಆಡಳಿತ ಕಚೇರಿಯನ್ನೂ ಕೇಳಿ ಒಪ್ಪಿಗೆ ಪಡೆಯುವುದು. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿಯಿಲ್ಲದೆ ಕಲ್ಲೊಂದನ್ನು ಸರಿಸುವಂತಿಲ್ಲ. ಸೆಲ್ಫಿಗಾಗಿ ಹೊಸ ಪೊರಕೆ ಹಿಡಿದು ಬರುವವರು ಹಬ್ಬದ ಹಿಂದಿನ ದಿನ ಸಾಕಷ್ಟು ಸಿಗುತ್ತಾರೆ. ಆಳು ಬೇಕಾಗುವುದು ಮರುದಿನ: ಶಿವರಾತ್ರಿಯ ಜಾಗರಣೆ ಮುಗಿದ ಬೆಳಿಗ್ಗೆ, ಕಾರ್ತಿಕ ಸೋಮವಾರದ ದೀಪಗಳು ಆರಿದ ಮಂಗಳವಾರ, ಚಪ್ಪಡಿಯ ಮೇಲಿನ ಎಣ್ಣೆ ಕಲ್ಲಿಗೆ ಇಳಿಯುವ ಮುಂಚೆ. ಆ ದಿನಗಳಿಗೆ ಹಳೆಯ ಹತ್ತಿ ಬಟ್ಟೆ, ಸೀಗೆಪುಡಿ ತನ್ನಿ.